ಅಜ್ಜಿಯ ‘ಉದಾಸೀನ’ ಬರೀ ವಯಸ್ಸಿನದ್ದಲ್ಲ

ಇಯರ್‌ಫೋನ್ ಹಾಕಿಕೊಂಡು ಸ್ಟೇಟ್‌ಬ್ಯಾಂಕ್ ಬಸ್ಸಲ್ಲಿ ಕೂತಿರೋರಿಗೂ, ದೂರದ ಊರಲ್ಲಿ ಡ್ಯೂಟಿ ಮುಗಿಸಿ ರೂಮಿಗೆ ಬಂದೋರಿಗೂ ಸ್ವಾಗತ. ಇವತ್ತು ಮನೆಯ ಹಿರಿಯರ ಬಗ್ಗೆ ಮಾತಾಡುವ.

ನಮ್ಮ ಮಂಗಳೂರಿನ ಅಜ್ಜ-ಅಜ್ಜಿಯರು ‘ನನಗೆ ಖಿನ್ನತೆ’ ಅಂತ ಹೇಳೋದು ಕಡಿಮೆ. ‘ಉದಾಸೀನ ಆಗ್ತದೆ’, ‘ಮಂಡೆಬೆಚ್ಚ’, ‘ನಿದ್ದೆ ಇಲ್ಲ, ಮೈಕೈ ನೋವು’ ಅಂತಾರೆ. ನಾವು ‘ವಯಸ್ಸಾಯ್ತಲ್ಲ’ ಅಂದು ಸುಮ್ಮನಾಗ್ತೇವೆ.

2017-18ರಲ್ಲಿ ದೇಶದಾದ್ಯಂತ ‘ಲಾಸಿ’ ಅನ್ನುವ ಸಮೀಕ್ಷೆ ನಡೆಯಿತು. 60 ದಾಟಿದವರಲ್ಲಿ ಶೇ. 8.3ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು ಕಂಡವು. ಆದರೆ ತಮಗೆ ಖಿನ್ನತೆ ಇರುವುದು ಪತ್ತೆಯಾಗಿದೆ ಎಂದವರು ಶೇ. 0.8 ಮಾತ್ರ. ಹತ್ತು ಪಟ್ಟು ಅಂತರ!

ಹಾಗಾದ್ರೆ ನಮಗೆ ಗೊತ್ತಾಗೋದು ಹೇಗೆ? ಮುಖ ನೋಡಬೇಡಿ, ದಿನದ ಕೆಲಸ ನೋಡಿ. 1969ರಲ್ಲಿ ಲಾಟನ್ ಮತ್ತು ಬ್ರಾಡಿ ಎಂಬ ಸಂಶೋಧಕರು ಎಂಟು ಕೆಲಸಗಳ ಪಟ್ಟಿ ಮಾಡಿದ್ರು: ಫೋನ್, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಮಾತ್ರೆ, ಹಣದ ಲೆಕ್ಕ. ದಿನಾ ಮೀನು ತರ್ತಿದ್ದ ಅಜ್ಜ ಮಾರ್ಕೆಟಿಗೆ ಹೋಗೋದು ಬಿಟ್ರಾ? ಅಜ್ಜಿ ಎರಡು ಹೊತ್ತೂ ಗಂಜಿ-ಉಪ್ಪಿನಕಾಯಿಯಲ್ಲೇ ಮುಗಿಸ್ತಿದ್ದಾರಾ? ಬಿಪಿ ಮಾತ್ರೆ ಹಾಗೇ ಉಳಿದಿದೆಯಾ? ಎರಡು ವಾರ ಹೀಗೇ ಇದ್ರೆ ಅದನ್ನು ಸೋಮಾರಿತನ ಅನ್ನಬೇಡಿ.

ಇದು ಎರಡೂ ಕಡೆಯಿಂದ ಹಿಡಿಯುತ್ತದೆ. ಮೊಣಕಾಲು ನೋವಿನಿಂದ ಹೊರಗೆ ಹೋಗೋದು ನಿಲ್ಲುತ್ತದೆ, ಜನರ ಮಾತು ತಪ್ಪುತ್ತದೆ, ಮನಸ್ಸು ಕುಗ್ಗುತ್ತದೆ. ಮನಸ್ಸು ಕುಗ್ಗಿದರೆ ಎದ್ದು ನಡೆಯೋದೂ ಬೇಡ ಅನ್ನಿಸುತ್ತದೆ. ಕಾಲು ಇನ್ನಷ್ಟು ಬಿಗಿಯುತ್ತದೆ.

ಆಗ ನಾವು ಪ್ರೀತಿಯಿಂದಲೇ ‘ನೀವು ಸುಮ್ನೆ ಕೂತ್ಕೊಳ್ಳಿ’ ಅಂತೇವೆ. ಉಳಿದಿದ್ದ ಕೆಲಸವೂ ಕೈತಪ್ಪುತ್ತದೆ. ಅದರ ಬದಲು ಜೊತೆಗೆ ಮಾಡಿ. ತೆಂಗಿನಕಾಯಿ ನೀವು ತುರಿಯಿರಿ, ಒಗ್ಗರಣೆ ಅವರು ಹಾಕಲಿ.

ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಥೈರಾಯ್ಡ್, ಬಿ-12 ಕೊರತೆ, ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು; ಮರೆವಿನ ಕಾಯಿಲೆಯ ಆರಂಭವೂ ಹೀಗೇ ಕಾಣಬಹುದು. ಖಿನ್ನತೆಯೇ ಆಗಿದ್ದರೆ ಈ ವಯಸ್ಸಿನಲ್ಲೂ ಚಿಕಿತ್ಸೆ ಉಂಟು, ಗುಣವೂ ಆಗ್ತದೆ. ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರು ‘ಇನ್ನು ಇದ್ದು ಎಂತ ಮಾಡ್ಲಿಕ್ಕುಂಟು’ ಅಂತ ಪದೇಪದೇ ಹೇಳಿದರೆ ತಮಾಷೆ ಅಂದುಕೊಳ್ಳಬೇಡಿ. ಒಂಟಿಯಾಗಿ ಬಿಡಬೇಡಿ, ಅವತ್ತೇ ಸಹಾಯ ಕೇಳಿ.

ದುಬೈ, ಬೆಂಗಳೂರಲ್ಲಿ ಇರುವವರಿಗೆ ಒಂದು ಮಾತು. ‘ಊಟ ಆಯ್ತಾ?’ ಅಂದ್ರೆ ‘ಆಯ್ತು’ ಅಂತಷ್ಟೇ ಉತ್ತರ ಬರ್ತದೆ. ‘ಇವತ್ತು ಎಂತ ಪದಾರ್ಥ? ಯಾರು ಮಾಡಿದ್ದು?’ ಅಂತ ಕೇಳಿ. ಉತ್ತರ ಬರುವವರೆಗೆ ಫೋನ್ ಇಡಬೇಡಿ.