ಸಂಬಳದ ಲೆಕ್ಕ, ಓಡಾಟದ ಲೆಕ್ಕ
(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನಮಗೆ ಅಭ್ಯಾಸವಿಲ್ಲದ ಕೆಲಸ. ಬ್ಯಾಂಕಿನ ಗುಮಾಸ್ತರಾದ ನಮಗೆ ಬರುವುದು ಕೂಡುವುದು ಮತ್ತು ಕಳೆಯುವುದು. ಆದುದರಿಂದ ನಮ್ಮ ಮನೆಯಲ್ಲಿ ನಡೆದ ಒಂದು ಲೆಕ್ಕವನ್ನೇ ತಮ್ಮ ಮುಂದೆ ಇಡುತ್ತೇವೆ. ಅದರಲ್ಲಿ ನಾವು ಮಾಡಿದ ತಪ್ಪೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ತಂಗಿಗೆ ಚಿಕ್ಕಂದಿನಿಂದ ಆಟದ ಹುಚ್ಚು. ಪದವಿ ಮುಗಿಸಿದವಳು ಕ್ರೀಡಾ ವರದಿಗಾರ್ತಿಯ ಕೆಲಸಕ್ಕೆ ಅರ್ಜಿ ಹಾಕುತ್ತೇನೆಂದಳು. ಕಛೇರಿ ದಕ್ಷಿಣ ಮುಂಬಯಿಯಲ್ಲಿ, ನಮ್ಮ ಮನೆ ಡೊಂಬಿವಲಿಯಲ್ಲಿ. ಸಂಬಳ 30,000 ರೂಪಾಯಿ. ಅದೇ ವಾರ ಠಾಣೆಯ ಒಂದು ಕಛೇರಿಯಿಂದ 26,000 ರೂಪಾಯಿಯ ಗುಮಾಸ್ತೆ ಕೆಲಸಕ್ಕೂ ಕರೆ ಬಂದಿತು. ತಾಯಿಯವರು, "ಯಾವುದು ಒಳ್ಳೆಯದೆಂದು ನೀನೇ ಲೆಕ್ಕ ಹಾಕಿ ಹೇಳಪ್ಪ" ಎಂದರು.

ನಾವು ಪೆನ್ಸಿಲು ಹಿಡಿದು ಕುಳಿತೆವು. ಬರಿಯ ಸಂಬಳ ನೋಡಿದರೆ ವರದಿಗಾರಿಕೆಯಲ್ಲಿ 4,000 ರೂಪಾಯಿ ಹೆಚ್ಚು. ರೈಲಿನ ತಿಂಗಳ ಪಾಸಿಗೆ ಎರಡನೆಯ ದರ್ಜೆಯಲ್ಲಿ ಹೆಚ್ಚೇನೂ ಬೀಳುವುದಿಲ್ಲ. ಆದರೆ ಈ ಊರಿನಲ್ಲಿ ಓಡಾಟದ ನಿಜವಾದ ಬೆಲೆಯನ್ನು ರೂಪಾಯಿಯಲ್ಲಿ ಕೊಡುವುದಿಲ್ಲ, ಹೊತ್ತಿನಲ್ಲಿ ಕೊಡುತ್ತೇವೆ. ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ವೇಗದ ಗಾಡಿಗೂ ಸುಮಾರು ಒಂದು ಗಂಟೆ ಬೇಕು. ಮನೆಯ ಬಾಗಿಲಿನಿಂದ ಕಛೇರಿಯ ಬಾಗಿಲಿಗೆ ಒಂದೂಮುಕ್ಕಾಲು ಗಂಟೆ, ಹೋಗಿಬರಲು ಮೂರೂವರೆ. ತಿಂಗಳಿಗೆ 25 ದಿನವೆಂದರೆ ಎಂಬತ್ತೇಳೂವರೆ ಗಂಟೆ ಹಳಿಯ ಮೇಲೆಯೇ ಕಳೆಯುತ್ತದೆ!

ದಿನಕ್ಕೆ ಒಂಬತ್ತು ಗಂಟೆಯ ದುಡಿಮೆಗೆ ಇದನ್ನು ಕೂಡಿಸಿದರೆ ಗಂಟೆಗೆ 133 ರೂಪಾಯಿಯಂತೆ ಕಾಣುತ್ತಿದ್ದ ಸಂಬಳ 96ಕ್ಕೆ ಇಳಿಯಿತು. ಠಾಣೆಯ ಕೆಲಸದಲ್ಲಿ ದುಡಿಮೆ ಎಂಟು ಗಂಟೆ, ಓಡಾಟ ಒಂದೂವರೆ ಗಂಟೆ. ಗಂಟೆಗೆ 109 ರೂಪಾಯಿ ಬಿತ್ತು. ಕಡಿಮೆ ಸಂಬಳವೇ ಹೆಚ್ಚಿನದಾಯಿತು.

ಇನ್ನು ರಾತ್ರಿಯ ಮಾತು. ಆಟಗಾರರು ನಮ್ಮ ಗಾಡಿಯ ವೇಳೆ ನೋಡಿ ಆಡುವುದಿಲ್ಲ. ಐ.ಪಿ.ಎಲ್. ಪಂದ್ಯ ಸಂಜೆ ಏಳೂವರೆಗೆ ಆರಂಭವಾದರೆ ಮುಗಿಯುವಾಗ ಹನ್ನೊಂದು ದಾಟುತ್ತದೆ. ಆಮೇಲೆ ನಾಯಕರ ಮಾತು ಕೇಳಬೇಕು, ವರದಿ ಕಳಿಸಬೇಕು. ನಡುರಾತ್ರಿ ದಾಟಿದ ಸ್ವಲ್ಪ ಹೊತ್ತಿಗೆ ಕೊನೆಯ ಗಾಡಿ ಹೊರಟುಹೋಗುತ್ತದೆ. 2025ರ ನವೆಂಬರ್ 2ರಂದು, ನಮ್ಮ ರಾಜ್ಯೋತ್ಸವದ ಮರುದಿನ, ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಸೋಲಿಸಿ ವಿಶ್ವಕಪ್ಪು ಗೆದ್ದುದನ್ನು ತಾವೆಲ್ಲ ನೋಡಿದ್ದೀರಿ. ಮಳೆಯಿಂದ ಆಟ ಎರಡು ಗಂಟೆ ತಡವಾಗಿ ಆರಂಭವಾಗಿ, ಮುಗಿಯುವಾಗ ಮಧ್ಯರಾತ್ರಿಯಾಗಿತ್ತು. ನಾವು ಸಿಹಿ ತಿಂದು ಮಲಗಿದೆವು. ವರದಿಗಾರರಿಗೆ ಆಗ ಕೆಲಸದ ಹೊತ್ತು.

ಇಂಥ ನಾಲ್ಕು ರಾತ್ರಿ ಬಂದು, ಒಂದೊಂದಕ್ಕೆ ಟ್ಯಾಕ್ಸಿಗೆ ಸಾವಿರ ಹಿಡಿದರೂ ಆ 4,000 ಅಲ್ಲಿಗೇ ಮುಗಿಯಿತು. ಸಾಲದುದಕ್ಕೆ ಭಾನುವಾರ. ಮೈದಾನಗಳು ತುಂಬುವ ದಿನವೂ ಅದೇ, ಹಳಿ ರಿಪೇರಿಗೆಂದು ರೈಲ್ವೆಯವರು ಮೆಗಾ ಬ್ಲಾಕ್ ಹಾಕುವ ದಿನವೂ ಅದೇ.

ನಾವು ಹಾಳೆಯನ್ನು ಮೇಜಿನ ಮೇಲಿಟ್ಟು, "ಠಾಣೆಯ ಕೆಲಸವೇ ಸರಿ" ಎಂದು ತೀರ್ಪು ಕೊಟ್ಟೆವು. ತಂಗಿ ಹಾಳೆಯನ್ನು ಓದಿದಳು. ಅಳಲಿಲ್ಲ, ಜಗಳವಾಡಲಿಲ್ಲ. "ಅಣ್ಣಾ, ಐದು ವರ್ಷವಾದ ಮೇಲೆ ಯಾವ ಕೆಲಸದಲ್ಲಿ ನಾನು ಏನು ಕಲಿತಿರುತ್ತೇನೆ? ಅದನ್ನು ನೀನು ಬರೆಯಲೇ ಇಲ್ಲವಲ್ಲ" ಎಂದಳು. ಅಡಿಗೆಮನೆಯಿಂದ ನಮ್ಮ ಮನೆಯವರು ದನಿಗೂಡಿಸಿದರು: "ನೀವೂ ಇಷ್ಟು ವರ್ಷ ಅದೇ ಗಾಡಿಯಲ್ಲಿ ಹೋಗುತ್ತಿದ್ದೀರಿ. ನಿಮ್ಮ ಸಂಬಳ ಗಂಟೆಗೆ ಎಷ್ಟು ಬೀಳುತ್ತದೆಂದು ಯಾರಾದರೂ ಕೇಳಿದರೆ?"

ನಮಗೆ ಉತ್ತರ ಹೊಳೆಯಲಿಲ್ಲ. ನಿಜವೇ. ನಮ್ಮ ಸರದಿ ಬಂದಾಗ ಕೆಲಸ ಸಿಕ್ಕಿತೆಂದು ಮನೆಯಲ್ಲಿ ಪಾಯಸ ಮಾಡಿದ್ದರು. ಪೆನ್ಸಿಲು ಯಾರೂ ತೆಗೆದಿರಲಿಲ್ಲ. ತಂಗಿಯ ಸರದಿಗೆ ಮಾತ್ರ ಏತಕ್ಕೆ ತೆಗೆದೆವು? ರಾತ್ರಿಯ ಭಯವಿತ್ತು, ಅದನ್ನು ಬಾಯಿಬಿಟ್ಟು ಹೇಳದೆ ಅಂಕಿಗಳ ಹಿಂದೆ ಅಡಗಿಸಿದ್ದೆವು. ಭಯ ಸುಳ್ಳಲ್ಲ. ಆದರೆ ಭಯಕ್ಕೆ ಉಪಾಯ ಹುಡುಕುವುದು ಬೇರೆ, ಬಾಗಿಲು ಹಾಕುವುದು ಬೇರೆ.

ಆ ರಾತ್ರಿ ಎಲ್ಲರೂ ಕೂಡಿ ಅದೇ ಹಾಳೆಯ ಬೆನ್ನ ಮೇಲೆ ಪ್ರಶ್ನೆಗಳನ್ನು ಬರೆದೆವು. ಹೇಳಿದ 30,000 ಕೈಗೆ ಬರುವ ಹಣವೋ, ಭವಿಷ್ಯನಿಧಿಗೆ ಧಣಿಗಳು ಕಟ್ಟುವ ಪಾಲೂ ಅದರಲ್ಲೇ ಸೇರಿದೆಯೋ? ಕೆಲಸ ಖಾಯಮ್ಮೋ, ಗುತ್ತಿಗೆಯೋ? ಪತ್ರಕರ್ತರಿಗಾಗಿ 1955ರಲ್ಲೇ ಕಾನೂನಾಯಿತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು 2014ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆದರೂ ತಾನು ರುಜು ಹಾಕುವ ಕಾಗದವನ್ನು ತಾನೇ ಓದಬೇಕು. ಭಾನುವಾರ ದುಡಿದರೆ ವಾರದ ರಜೆ ಎಂದು? ಪರಊರಿಗೆ ಹೋದರೆ ಭತ್ಯವೆಷ್ಟು? ಎಲ್ಲಕ್ಕೂ ಮೇಲಾಗಿ, ತಡರಾತ್ರಿ ಮನೆಗೆ ಕಳಿಸುವ ವಾಹನ ಯಾರದು?

ಸಂದರ್ಶನದಲ್ಲಿ ಸಂಬಳ, ಓಡಾಟದ ಮಾತೆತ್ತುವುದು ಅಮರ್ಯಾದೆಯೆಂದು ನಮ್ಮವರಲ್ಲಿ ಒಂದು ಸಂಕೋಚವಿದೆ. ತಂಗಿ ಮೊದಲು ತಾನು ಬರೆದ ವರದಿಗಳನ್ನು ತೋರಿಸಿದಳು. ಕೆಲಸ ಕೊಡುತ್ತೇವೆಂದ ಮೇಲೆ ಪ್ರಶ್ನೆಗಳನ್ನು ಕೇಳಿದಳು. ಸಂಬಳ ಒಂದು ರೂಪಾಯಿಯೂ ಏರಲಿಲ್ಲ. ಆದರೆ ರಾತ್ರಿ ಹತ್ತೂವರೆ ದಾಟಿದರೆ ಮನೆಯವರೆಗೆ ಕಾರು ಕೊಡುವುದಾಗಿಯೂ, ಪಂದ್ಯವಿಲ್ಲದ ದಿನ ಮನೆಯಿಂದಲೇ ಬರೆಯಬಹುದೆಂದೂ ಒಪ್ಪಿ ಬರೆದುಕೊಟ್ಟರು. ಕೇಳದೆ ಇದ್ದರೆ ಅವರೇನು ತಾವಾಗಿ ಕೊಡುತ್ತಿದ್ದರೆ? ಒಂದು ವರ್ಷ ನೋಡೋಣ, ಆಮೇಲೆ ಮತ್ತೆ ಲೆಕ್ಕ ಹಾಕೋಣವೆಂದು ಮನೆಯಲ್ಲಿ ಒಪ್ಪಂದವಾಯಿತು.

ಈಗ ಅವಳು ದುಡಿಯುತ್ತಿದ್ದಾಳೆ. ತಾಯಿಯವರು ಕಾರಿನ ಸದ್ದಾಗುವವರೆಗೆ ಮಲಗುವುದಿಲ್ಲ. ಆ ಬೆಲೆ ಯಾವ ಹಾಳೆಯಲ್ಲೂ ಬರೆದಿಲ್ಲ. ಬೆಳಗ್ಗೆ ವರದಿಯ ತಲೆಯಲ್ಲಿ ಮಗಳ ಹೆಸರು ನೋಡಿ ಕನ್ನಡಕ ಒರೆಸಿಕೊಳ್ಳುವವರೂ ಅವರೇ.

ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕೋಟೆಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ದುಡಿದ ಹೋಟೆಲಿನಲ್ಲೇ ಚಾಪೆ ಹಾಸಿ ಮಲಗಿದರು. ಅವರು ಓಡಾಟವನ್ನು ಉಳಿಸಿದ್ದು ಓದಿಗಾಗಿ. ಹೊತ್ತಿನ ಲೆಕ್ಕ ನಮ್ಮವರಿಗೆ ಹೊಸದಲ್ಲ.

ಆದುದರಿಂದ ನಮ್ಮ ಬಿನ್ನಹ ಇಷ್ಟೆ. ಮಕ್ಕಳು ಕೆಲಸಕ್ಕೆ ಅರ್ಜಿ ಹಾಕುವಾಗ ಲೆಕ್ಕ ಖಂಡಿತ ಹಾಕೋಣ. ಗಂಡಿಗೂ ಹೆಣ್ಣಿಗೂ ಒಂದೇ ಪೆನ್ಸಿಲಿನಲ್ಲಿ ಹಾಕೋಣ. ಹಾಳೆಯನ್ನು ಅವರ ಕೈಗೂ ಕೊಟ್ಟು, ಬಿಟ್ಟುಹೋದುದನ್ನು ಅವರೇ ತುಂಬಲೆಂದು ಸ್ವಲ್ಪ ಜಾಗ ಬಿಡೋಣ.