ಇಲಿಮರಿಯ ಕೈಮಾತು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾತು ಶುರು ಮಾಡುವ ಮೊದಲು ನಾನು ಮೈಕನ್ನು ಎದೆಯ ತನಕ ಇಳಿಸಿಕೊಂಡಿದ್ದನ್ನು ನೋಡಿದ್ದೀರಿ. ದನಿ ಸ್ವಲ್ಪ ಕಡಿಮೆ ಕೇಳಿಸಬಹುದು, ಕ್ಷಮಿಸಿ. ಮೂರನೇ ಸಾಲಿನಲ್ಲಿ ನನ್ನ ಗೆಳೆಯನೊಬ್ಬ ಕೂತಿದ್ದಾನೆ. ಹೈಸ್ಕೂಲಿನ ಮೂರು ವರ್ಷವೂ ನಾವಿಬ್ಬರೂ ಒಂದೇ ಬೆಂಚು. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅವನಿಗೆ ಕಿವಿ ಕೇಳಿಸುವುದಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಾನೆ, ಮೈಕು ಅಡ್ಡ ಬಂದರೆ ತುಟಿ ಕಾಣುವುದಿಲ್ಲ. ಹೆಸರು ಹೇಳಬೇಡ ಅಂದಿದ್ದಾನೆ, ಹೇಳುವುದಿಲ್ಲ. ಆದರೆ ಅವನ ವಿಷಯ ಹೇಳಲು ಒಪ್ಪಿಗೆ ಕೊಟ್ಟಿದ್ದಾನೆ.

ಸಂಘಟಕರು ನನಗೆ ಕೊಟ್ಟ ವಿಷಯ 'ತಂತ್ರಜ್ಞಾನ ಮತ್ತು ಇಂದಿನ ವಿದ್ಯಾರ್ಥಿ'. ಅದರ ಮೇಲೆ ಮಾತಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಒಂದು ವಿಡಿಯೋ ಗೇಮ್ ಬಗ್ಗೆ ಮಾತಾಡುತ್ತೇನೆ. ಪೋಷಕರು ಗಾಬರಿಯಾಗಬೇಡಿ, ಮಕ್ಕಳಿಗೆ ಮೊಬೈಲ್ ಕೊಡಿ ಅಂತ ಹೇಳಲು ಬಂದಿಲ್ಲ. ನಾನು ಗೇಮ್ ತಯಾರಿಸುವವನೂ ಅಲ್ಲ. ಬಿಇ ಮುಗಿಸಿ ಬೆಂಗಳೂರಿನಲ್ಲಿ ಬ್ಯಾಂಕುಗಳ ಲೆಕ್ಕಾಚಾರದ ಸಾಫ್ಟ್‌ವೇರ್ ಬರೆಯುತ್ತೇನೆ.

ಮೊದಲು ಸ್ವಲ್ಪ ವ್ಯಾಕರಣ. ನಮ್ಮ ಕನ್ನಡ ಮೇಷ್ಟ್ರು ಮುಂದಿನ ಸಾಲಿನಲ್ಲೇ ಇದ್ದಾರೆ, ತಪ್ಪಿದರೆ ತಿದ್ದಲಿ. 'ನಾನು' ಉತ್ತಮ ಪುರುಷ, 'ನೀನು' ಮಧ್ಯಮ ಪುರುಷ, 'ಅವನು, ಅವಳು, ಅದು' ಪ್ರಥಮ ಪುರುಷ. ಅನ್ಯ ಪುರುಷ ಅಂತಲೂ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಫಸ್ಟ್ ಪರ್ಸನ್ ಅಂದರೆ 'ನಾನು', ನಮ್ಮಲ್ಲಿ ಪ್ರಥಮ ಅಂದರೆ 'ಅವನು'. ಈ ಗೊಂದಲದಲ್ಲಿ ಒಂಬತ್ತನೇ ತರಗತಿಯ ಪರೀಕ್ಷೆಯಲ್ಲಿ ಎರಡು ಅಂಕ ಕಳೆದುಕೊಂಡವನು ನಾನು.

ಗೇಮ್‌ಗಳಲ್ಲೂ ಇದೇ ವಿಂಗಡಣೆ ಇದೆ. ಪಾತ್ರದ ಕಣ್ಣಿನಿಂದಲೇ ಲೋಕ ಕಂಡರೆ ಅದು ಫಸ್ಟ್ ಪರ್ಸನ್. ಪಾತ್ರ ನಿಮ್ಮ ಎದುರಿಗೆ ಓಡಾಡುತ್ತಿದ್ದು, ನೀವು ಹೊರಗೆ ಕೂತು ಆಡಿಸಿದರೆ ಥರ್ಡ್ ಪರ್ಸನ್. ಸೂತ್ರದ ಗೊಂಬೆ ಆಡಿಸುವವನಂತೆ ಅಂದುಕೊಳ್ಳಿ.

ಈಗ ವರ್ಚುವಲ್ ರಿಯಾಲಿಟಿ, ಚಿಕ್ಕದಾಗಿ ವಿಆರ್. ಕಣ್ಣು ಮುಚ್ಚುವಂಥ ಒಂದು ದಪ್ಪ ಕನ್ನಡಕ. ಒಳಗೆ ಎರಡು ಕಣ್ಣಿಗೆ ಎರಡು ಚಿತ್ರ, ಸ್ವಲ್ಪವೇ ವ್ಯತ್ಯಾಸ. ಮೆದುಳು ಎರಡನ್ನೂ ಸೇರಿಸಿ ಆಳ ಕಾಣುತ್ತದೆ. ತಲೆ ತಿರುಗಿಸಿದ ಕೂಡಲೇ ಚಿತ್ರವೂ ತಿರುಗಬೇಕು, ಸುಮಾರು 20 ಮಿಲಿಸೆಕೆಂಡಿಗಿಂತ ತಡವಾದರೆ ತಲೆಸುತ್ತು ಬರುತ್ತದೆ. ತಡವಾಗದಿದ್ದರೂ ಇನ್ನೊಂದು ತೊಂದರೆ ಇದೆ. ನೀವು ಕುರ್ಚಿಯಲ್ಲಿ ಕೂತಿದ್ದೀರಿ, ಗೇಮ್‌ನಲ್ಲಿ ಓಡುತ್ತಿದ್ದೀರಿ. ಕಣ್ಣು 'ಓಡುತ್ತಿದ್ದೇನೆ' ಅನ್ನುತ್ತದೆ, ಒಳಗಿವಿ 'ಇಲ್ಲ, ಕೂತಿದ್ದೇನೆ' ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ತೊಳೆಸುತ್ತದೆ. ಘಾಟಿ ಬಸ್ಸಿನಲ್ಲಿ ಪುಸ್ತಕ ಓದಿದವರಿಗೆ ಇದು ಗೊತ್ತು, ಅಲ್ಲಿ ಜಗಳ ತಿರುವುಮುರುವು, ಅಷ್ಟೇ.

ವಿಆರ್ ಬಂದ ಹೊಸತರಲ್ಲಿ ಬಹಳ ಜನರ ಅಭಿಪ್ರಾಯ ಹೀಗಿತ್ತು: ವಿಆರ್ ಅಂದರೆ 'ನಾನೇ ಒಳಗಿದ್ದೇನೆ' ಅನ್ನಿಸುವುದು, ಹಾಗಾಗಿ ಫಸ್ಟ್ ಪರ್ಸನ್ನೇ ಆಗಬೇಕು, ಹೊರಗೆ ಕೂತು ನೋಡುವುದಾದರೆ ಟಿವಿ ಸಾಲದೇ? 2016ರಲ್ಲಿ ಆಕ್ಯುಲಸ್ ರಿಫ್ಟ್ ಜೊತೆ ಬಂದ 'ಲಕ್ಕೀಸ್ ಟೇಲ್' ಥರ್ಡ್ ಪರ್ಸನ್ ಆಗಿದ್ದರೂ ಚೆನ್ನಾಗಿಯೇ ಇತ್ತು. ಆದರೆ ಆ ಅಭಿಪ್ರಾಯವನ್ನು ಸರಿಯಾಗಿ ಅಲುಗಾಡಿಸಿದ್ದು, ನನ್ನ ಮಟ್ಟಿಗೆ, 2018ರ ಫೆಬ್ರವರಿಯಲ್ಲಿ ಬಂದ 'ಮಾಸ್'. ಮಾಸ್ ಅಂದರೆ ಪಾಚಿ. ನಮ್ಮ ಸಿನಿಮಾದವರ ಮಾಸ್ ಅಲ್ಲ! ಮಾಡಿದ್ದು ಅಮೆರಿಕದ ಸಿಯಾಟಲ್ ನಗರದ ಪಾಲಿಆರ್ಕ್ ಎಂಬ ಸಣ್ಣ ಸಂಸ್ಥೆ. ದೊಡ್ಡ ಗೇಮ್ ಕಂಪನಿ ಬಂಗಿಯಲ್ಲಿದ್ದ ಕೆಲವರು ಹೊರಬಂದು 2015ರಲ್ಲಿ ಕಟ್ಟಿಕೊಂಡದ್ದು.

ಕನ್ನಡಕ ಹಾಕಿದರೆ ನೀವೊಂದು ಹಳೆಯ ಗ್ರಂಥಾಲಯದಲ್ಲಿ ಕೂತಿರುತ್ತೀರಿ. ಎದುರಿಗೆ ದಪ್ಪ ಪುಸ್ತಕ. ಕೈಯಿಂದಲೇ ಪುಟ ತಿರುಗಿಸಬೇಕು. ಕಥೆಯೊಳಗೆ ಹೋದರೆ ದಸರಾ ಗೊಂಬೆ ಕೂರಿಸಿದ ಹಾಗೆ ನಿಮ್ಮೆದುರು ಒಂದು ಪುಟ್ಟ ಕಾಡು. ಅದರಲ್ಲಿ ಕ್ವಿಲ್ ಎಂಬ ಹೆಣ್ಣು ಇಲಿಮರಿ, ಕೈಯಲ್ಲಿ ಚೋಟುದ್ದ ಕತ್ತಿ. ಸರ್ಫಾಗ್ ಎಂಬ ಹಾವು ಅವಳ ಮಾವನನ್ನು ಹಿಡಿದಿಟ್ಟಿದೆ, ಬಿಡಿಸಿಕೊಂಡು ಬರಲು ಹೊರಟಿದ್ದಾಳೆ. ಅಷ್ಟೇ ಕಥೆ, ಅಜ್ಜಿ ಹೇಳುವ ಕಥೆಯಷ್ಟೇ ಸರಳ. ನಿಮ್ಮ ಕಣ್ಣು ಒಂದು ದೃಶ್ಯ ಮುಗಿಯುವ ತನಕ ಒಂದೇ ಜಾಗದಲ್ಲಿರುತ್ತದೆ, ಓಡುವವಳು ಅವಳು. ಹಾಗಾಗಿ ಹೊಟ್ಟೆ ತೊಳೆಸುವುದಿಲ್ಲ. ಮರದ ಹಿಂದೆ ಏನಿದೆ ನೋಡಬೇಕಾದರೆ ನೀವೇ ಕುರ್ಚಿಯಿಂದ ಬಗ್ಗಿ ಇಣುಕಬೇಕು.

ನಿಮ್ಮ ಎಡ ಹೆಬ್ಬೆರಳು ಅವಳನ್ನು ನಡೆಸುತ್ತದೆ. ಅದರ ಜೊತೆಗೆ ನಿಮಗೂ ಒಂದು ಕೈ ಇದೆ, ನೀಲಿ ಬೆಳಕಿನ ಉಂಡೆಯ ರೂಪದಲ್ಲಿ. ಅದರಿಂದ ಕಲ್ಲಿನ ದಿಮ್ಮಿ ಎಳೆಯಬಹುದು, ವಿಗ್ರಹ ತಿರುಗಿಸಬಹುದು, ಶತ್ರುವಿನ ಲೋಹದ ಜೀರುಂಡೆಯನ್ನು ಹಿಡಿದು ನೆಲದ ಗುಂಡಿಯ ಮೇಲೆ ಕೂರಿಸಬಹುದು. ಅವಳಿಂದ ಆಗದ್ದು ನಿಮ್ಮಿಂದ, ನಿಮ್ಮಿಂದ ಆಗದ್ದು ಅವಳಿಂದ. ಒಗಟುಗಳೆಲ್ಲ ಇದರ ಮೇಲೇ ನಿಂತಿವೆ.

ನನಗೆ ಮುಖ್ಯವಾದದ್ದು ಇನ್ನೊಂದು. ಮೊದಮೊದಲು ಅವಳಿಗೆ ನೀವು ಇರುವುದೇ ಗೊತ್ತಿಲ್ಲ. ಕಾಡಿನಲ್ಲಿ ಒಂದು ಗಾಜಿನ ಹರಳು ಸಿಗುತ್ತದೆ. ಆಮೇಲೆ ತಲೆಯೆತ್ತಿ ನಿಮ್ಮನ್ನು ನೋಡುತ್ತಾಳೆ. ನೀರಿನಲ್ಲಿ ಬಗ್ಗಿ ನೋಡಿದರೆ ನಿಮ್ಮ ಮುಖವಾಡದ ಪ್ರತಿಬಿಂಬವೂ ಕಾಣುತ್ತದೆ. ಅಂದರೆ ನೀವು ಅವಳಲ್ಲ, ಅವಳ ಪಕ್ಕದಲ್ಲಿರುವ ಇನ್ನೊಬ್ಬರು. ಮೇಷ್ಟ್ರೇ, ಅನ್ಯ ಪುರುಷ ಅಂತ ಹೆಸರಿಟ್ಟ ಆಟದಲ್ಲಿ ಆ ಕ್ಷಣಕ್ಕೆ ಅವಳಿಗೆ ನೀವು 'ನೀನು' ಆಗುತ್ತೀರಿ. ಒಗಟು ಬಿಡಿಸಿದರೆ ಕೈ ಮೇಲೆತ್ತಿ ನಿಲ್ಲುತ್ತಾಳೆ, ನೀವು ನಿಮ್ಮ ಕೈ ತಟ್ಟಬೇಕು. ಗಾಯವಾದಾಗ ಮುಟ್ಟಿದರೆ ಚೇತರಿಸಿಕೊಳ್ಳುತ್ತಾಳೆ. ನನ್ನ ತಪ್ಪಿನಿಂದ ಅವಳು ಬಿದ್ದು ಸತ್ತಾಗ, ಮೂವತ್ತು ದಾಟಿದ ಗಂಡಸು, 'ಸಾರಿ ಕಣೇ' ಅಂದಿದ್ದೇನೆ. ಹೆಂಡತಿ ಅಡುಗೆಮನೆಯಿಂದ ಯಾರಿಗೆ ಅಂತ ಕೇಳಿದಳು.

ಆಡಿದವರು ಏನಂದರು? ಹೆಚ್ಚಿನವರು ಮೊದಲು ಹೇಳಿದ್ದು ಒಗಟಿನ ಬಗ್ಗೆ ಅಲ್ಲ, ಕತ್ತಿವರಸೆಯ ಬಗ್ಗೆಯೂ ಅಲ್ಲ, ಕ್ವಿಲ್ ಬಗ್ಗೆ. ಅವಳ ತಲೆ ಸವರಿದ್ದು, ಕೈ ತಟ್ಟಿದ್ದು, ಅವಳು ಸೋತಾಗ ಬೇಸರಪಟ್ಟದ್ದು. ಎರಡನೇ ಮಾತು ದೂರು: ಆಟ ಬಹಳ ಚಿಕ್ಕದು. ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ, ಅದೂ ಕಥೆ ಮುಂದುವರಿಯಲಿದೆ ಅನ್ನುವ ಹಂತದಲ್ಲಿ. ಬೆಲೆ 30 ಡಾಲರ್, ಆಗಿನ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಯ ಹತ್ತಿರ. 'ಇನ್ನೂ ಬೇಕು ಅನ್ನಿಸಿತು ಅಂದರೆ ಚೆನ್ನಾಗಿತ್ತು ಅಂತಲೇ ಅರ್ಥ' ಎಂದು ಆಟದ ಪರವಾಗಿ ವಾದಿಸಿದವರಿದ್ದರು. ನಾನು ಒಪ್ಪುವುದಿಲ್ಲ. ಪೂರ್ತಿ ಊಟದ ದುಡ್ಡು ಕೊಟ್ಟವನಿಗೆ ಪಾಯಸ ರುಚಿಯಾಗಿತ್ತಲ್ಲ ಅನ್ನುವುದು ಉತ್ತರವಲ್ಲ. ತಯಾರಕರಿಗೂ ಅದು ಮುಟ್ಟಿರಬೇಕು. 2019ರಲ್ಲಿ ಕ್ವೆಸ್ಟ್ ಕನ್ನಡಕಕ್ಕೆ ಆಟ ಬಂದಾಗ 'ಟ್ವೈಲೈಟ್ ಗಾರ್ಡನ್' ಎಂಬ ಹೊಸ ಭಾಗ ಸೇರಿಸಿದರು, ಮೊದಲೇ ಕೊಂಡವರಿಗೂ ಆಮೇಲೆ ಅದನ್ನು ಉಚಿತವಾಗಿ ಕೊಟ್ಟರು. 2022ರ ಮಾರ್ಚ್ 31ಕ್ಕೆ ಎರಡನೇ ಪುಸ್ತಕ ಬಂತು, ಮೊದಲಿನದಕ್ಕಿಂತ ದೊಡ್ಡದು. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವಿಆರ್ ವಿಭಾಗದ ಪ್ರಶಸ್ತಿ ಅದಕ್ಕೇ ಸಿಕ್ಕಿತು. 2018ರಲ್ಲಿ ಮೊದಲ ಪುಸ್ತಕವನ್ನು ಹಿಂದೆ ಹಾಕಿದ್ದು 'ಆಸ್ಟ್ರೋ ಬಾಟ್ ರೆಸ್ಕ್ಯೂ ಮಿಷನ್'. ಅದೂ ಥರ್ಡ್ ಪರ್ಸನ್ನೇ!

ಮೂರನೆಯದು, ಕೆಲವರು ಮಾತ್ರ ಹೇಳಿದ್ದು. ಕ್ವಿಲ್ ನಿಮ್ಮೊಡನೆ ಬಾಯಲ್ಲಿ ಮಾತಾಡುವುದಿಲ್ಲ, ಕೈಯಲ್ಲಿ ಮಾತಾಡುತ್ತಾಳೆ. ಸುಮ್ಮನೆ ಕೈ ಆಡಿಸುವುದಲ್ಲ, ಅಮೆರಿಕದ ಸಂಜ್ಞಾ ಭಾಷೆಯ ನಿಜವಾದ ಮಾತುಗಳು. ನೀವು ಒಗಟಿನಲ್ಲಿ ಸಿಕ್ಕಿಕೊಂಡರೆ ನಿಮ್ಮ ಕಡೆ ತಿರುಗಿ ಸನ್ನೆಯಲ್ಲಿ ಸುಳಿವು ಕೊಡುತ್ತಾಳೆ. ಕಿವಿ ಕೇಳಿಸದ ಆಟಗಾರರು ಇದನ್ನು ಗುರುತಿಸಿ ಸಂತೋಷಪಟ್ಟರು. ತಮ್ಮ ಭಾಷೆಯಾಡುವ ನಾಯಕಿ ಅವರಿಗೆ ಎಷ್ಟು ಗೇಮ್‌ಗಳಲ್ಲಿ ಸಿಗುತ್ತಾಳೆ?

ಇದನ್ನು ನೋಡಿದಾಗಲೇ ನನಗೆ ನನ್ನ ಬೆಂಚಿನ ಗೆಳೆಯ ನೆನಪಾದದ್ದು. ಆ ಹೊತ್ತಿಗೆ ಅವನನ್ನು ಸರಿಯಾಗಿ ಮಾತಾಡಿಸಿ ಹತ್ತು ವರ್ಷದ ಮೇಲಾಗಿತ್ತು. ಅವನು ಇಲ್ಲೇ ಪೇಟೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುಟ್ಟುಹೋದ ಪಂಪ್‌ಸೆಟ್ ಅಂದರೆ ಸುತ್ತಲಿನ ಊರಿನವರೆಲ್ಲ ಅವನ ಹತ್ತಿರವೇ ಹೋಗುವುದು. ಒಂದು ದೀಪಾವಳಿಗೆ ಬಂದಾಗ ಕನ್ನಡಕ ತೆಗೆದುಕೊಂಡು ಅಂಗಡಿಗೆ ಹೋದೆ. ತಾಮ್ರದ ತಂತಿಯ ಸುರುಳಿಗಳ ಮಧ್ಯೆ ಸ್ಟೂಲ್ ಹಾಕಿ ಕೂರಿಸಿದೆ. ಒಳಗಿನದು ನನ್ನ ಮೊಬೈಲಿನಲ್ಲೂ ಕಾಣುವಂತೆ ಮಾಡಿಕೊಂಡೆ.

ಒಂದು ಒಗಟಿನ ಹತ್ತಿರ ಬಂದ. ಜೀರುಂಡೆಯನ್ನು ಗುಂಡಿಯ ಮೇಲೆ ಹಿಡಿದಿಟ್ಟು ಬಾಗಿಲು ತೆರೆಸಬೇಕು. ನನಗೆ ಅಲ್ಲಿ ಅರ್ಧ ಗಂಟೆ ಹಿಡಿದಿತ್ತು. ನಾನು ಭುಜ ತಟ್ಟಿ, ಕೈ ಹಿಡಿದು ಎಡಕ್ಕೆ ಎಳೆಯಲು ಹೋದೆ. ಅವನು ನನ್ನ ಕೈ ಕೊಡವಿದ. ಸುಮ್ಮನೆ ಇಲಿಯನ್ನೇ ನೋಡುತ್ತಾ ಕೂತ. ಅವಳು ತಿರುಗಿ ಏನೋ ತೋರಿಸಿದಳು. ಐದು ನಿಮಿಷದಲ್ಲಿ ಬಾಗಿಲು ತೆರೆಯಿತು. ಖಾಲಿ ಗಾಳಿಯಲ್ಲಿ ಕೈ ಎತ್ತಿ ತಟ್ಟಿದ. ರಿವೈಂಡಿಂಗ್‌ಗೆ ಮೋಟಾರ್ ತಂದಿದ್ದ ಒಬ್ಬರು ಇವನಿಗೇನಾಯಿತು ಅಂತ ನನ್ನ ಮುಖ ನೋಡಿದರು.

ಕನ್ನಡಕ ತೆಗೆದು ಬಿಲ್ ಪುಸ್ತಕದ ಹಿಂದೆ ಬರೆದ: 'ಅವಳ ಕೈಮಾತು ಪೂರ್ತಿ ಅರ್ಥ ಆಗಲಿಲ್ಲ. ಆದರೆ ನನ್ನ ಕಡೆ ತಿರುಗಿ ಮಾತಾಡ್ತಾಳೆ.'

ಅರ್ಥವಾಗದ್ದು ಸಹಜ. ನಮ್ಮ ದೇಶದ್ದು ಭಾರತೀಯ ಸಂಜ್ಞಾ ಭಾಷೆ, ಅದು ಬೇರೆಯೇ. ಅದಕ್ಕಾಗಿ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾದದ್ದು 2015ರಲ್ಲಿ. 2018ರಲ್ಲಿ 3,000 ಪದಗಳ ನಿಘಂಟು ಬಂತು, 2021ರ ಹೊತ್ತಿಗೆ ಅದು 10,000 ಪದ ಮುಟ್ಟಿತು. ನಾವು ಎಸ್ಸೆಸ್ಸೆಲ್ಸಿ ಮುಗಿಸಿದ್ದು 2004ರಲ್ಲಿ. ಅವನಿಗೆ ಗೊತ್ತಿದ್ದದ್ದು ಮನೆಯಲ್ಲಿ ಅಮ್ಮನ ಜೊತೆ ಹುಟ್ಟಿಸಿಕೊಂಡ ಸನ್ನೆಗಳು, ಮತ್ತೆ ನಮ್ಮ ತುಟಿಗಳು. ಬೋರ್ಡಿನ ಕಡೆ ತಿರುಗಿ ಹೇಳಿದ ಪಾಠ ಅವನಿಗೆ ಸಿಗುತ್ತಿರಲಿಲ್ಲ. ಅದಕ್ಕೆ ನನ್ನ ನೋಟ್ಸ್ ಕೊಡುತ್ತಿದ್ದೆ. ಇವನನ್ನು ನೋಡಿಕೊಳ್ಳುವವನು ನಾನೇ ಅನ್ನುವ ಹೆಮ್ಮೆ ನನಗೆ ಬಹಳ ಇತ್ತು.

ಆ ಬಿಲ್ ಪುಸ್ತಕದ ಸಾಲು ಓದಿದ ಮೇಲೆ ನೆನಪಾದದ್ದು ಇದು. ಒಂಬತ್ತನೇ ತರಗತಿಗೆ ಒಮ್ಮೆ ತಪಾಸಣೆಗೆ ಸಾಹೇಬರು ಬಂದಿದ್ದರು. ವಿಜ್ಞಾನದ ಪ್ರಶ್ನೆ ಕೇಳುತ್ತಾ ಬಂದು ಇವನೆದುರು ನಿಂತರು. ಅವರು ಇವನನ್ನೇ ನೋಡಿ ನಿಧಾನವಾಗಿ ಕೇಳಿದರು. ನಾನು ಎದ್ದು, 'ಅವನಿಗೆ ಕೇಳಿಸಲ್ಲ ಸರ್, ನಾನು ಹೇಳ್ತೀನಿ' ಅಂದೆ. ಹೇಳಿಯೂ ಬಿಟ್ಟೆ. ಸಾಹೇಬರು ಭೇಷ್ ಅಂದರು. ನಾನು ಕೂತಾಗ ಅವನು ನೋಟ್‌ಬುಕ್ ನನ್ನ ಕಡೆ ತಳ್ಳಿದ. ಅದರಲ್ಲಿ ಉತ್ತರ ಬರೆದಿತ್ತು. ನನ್ನದಕ್ಕಿಂತ ಸರಿಯಾದ ಉತ್ತರ. ಎದುರಿಗೇ ಇದ್ದವನನ್ನು ನಾನು 'ಅವನು' ಮಾಡಿಬಿಟ್ಟಿದ್ದೆ. ಅವನು ಆ ದಿನ ನನ್ನ ಜೊತೆ ಊಟಕ್ಕೆ ಬರಲಿಲ್ಲ. ಯಾಕೆ ಅಂತ ನಾನು ಕೇಳಲೂ ಇಲ್ಲ.

ದೀಪಾವಳಿಯ ಆ ಸಂಜೆ ಅಂಗಡಿಯಲ್ಲಿ ಇದನ್ನು ಬರೆದು ತೋರಿಸಿದೆ. ಓದಿ ನಕ್ಕ. 'ನೆನಪಿದೆ. ನಿನ್ನ ಉತ್ತರ ಅರ್ಧ ತಪ್ಪು ಇತ್ತು' ಅಂತ ಬರೆದ.

ಈಗ ಒಂದು ಸೂಚನೆ ಕೊಟ್ಟು ಮುಗಿಸುತ್ತೇನೆ. ಊಟವಾದ ಮೇಲೆ ಕಂಪ್ಯೂಟರ್ ಕೊಠಡಿಯಲ್ಲಿ ಕನ್ನಡಕ ಇಟ್ಟಿರುತ್ತೇವೆ. ನಮ್ಮ ಕಾಲದ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಬನ್ನಿ. ಐದೈದು ಜನ, ಒಬ್ಬರಿಗೆ ಹತ್ತು ನಿಮಿಷ, ಕೂತೇ ಆಡಬೇಕು, ತಲೆ ಸುತ್ತಿದರೆ ತಕ್ಷಣ ತೆಗೆಯಬೇಕು. ನಾನು ಹೊರಗೆ ಸಾಲು ನೋಡಿಕೊಳ್ಳುತ್ತೇನೆ. ಒಳಗೆ ಹೇಳಿಕೊಡುವವನು ನನ್ನ ಗೆಳೆಯ, ಈ ಆಟವನ್ನು ಅವನು ನನಗಿಂತ ಚೆನ್ನಾಗಿ ಆಡುತ್ತಾನೆ. ಏನಾದರೂ ಕೇಳುವುದಿದ್ದರೆ ನನ್ನ ಹತ್ತಿರ ಬಂದು 'ಅವರಿಗೆ ಹೇಳಿ' ಅನ್ನಬೇಡಿ. ಅವನ ಮುಖ ನೋಡಿ ಕೇಳಿ.