ಸನ್ನತಿಯ ಸ್ತೂಪ, ಮರಳಿ ಬಂದ ಬೌದ್ಧರು

ಜರ್ಮನಿಯ ಡ್ರೆಸ್ಡನ್ ನಗರದಲ್ಲಿ ಯೆಹೂದ್ಯರು 1840ರಲ್ಲಿ ಕಟ್ಟಿಸಿದ್ದ ಪ್ರಾರ್ಥನಾ ಮಂದಿರವನ್ನು 1938ರ ನವೆಂಬರಿನಲ್ಲಿ ನಾಜಿಗಳು ಸುಟ್ಟರು. ಆಲ್ಫ್ರೆಡ್ ನಾಯ್ಗೆಬಾವರ್ ಎಂಬ ಅಗ್ನಿಶಾಮಕ ದಳದವನು ಅದರ ಶಿಖರದ ನಕ್ಷತ್ರವೊಂದನ್ನು ಬಚ್ಚಿಟ್ಟು ಉಳಿಸಿದನು. ಸೋವಿಯತ್ ನಾಡುಗಳಿಂದ ಬಂದವರಿಂದ ಅಲ್ಲಿನ ಯೆಹೂದಿ ಸಮುದಾಯ ಮತ್ತೆ ಬೆಳೆಯಿತು. 2001ರಲ್ಲಿ ಹೊಸ ಮಂದಿರವೆದ್ದಾಗ ಆ ನಕ್ಷತ್ರ ಅದರ ಬಾಗಿಲ ಮೇಲೆ ನೆಲೆಗೊಂಡಿತು. ಅಲ್ಲಿ ನೆನಪನ್ನು ಕಾಯ್ದವನೊಬ್ಬನಿದ್ದನು.

ನಮ್ಮ ಭೀಮಾತೀರದ ಸನ್ನತಿಯಲ್ಲಿ ಅಂಥವರು ಯಾರೂ ಇರಲಿಲ್ಲ. ಬೌದ್ಧರೇ ಇಲ್ಲದ ಮೇಲೆ ಕಾಯುವವರೆಲ್ಲಿಂದ ಬರಬೇಕು? ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, 1986ರಲ್ಲಿ, ಕಾಳಿಯ ಗುಡಿಯ ಮಾಡು ಕುಸಿದಾಗ ವಿಗ್ರಹದ ಪೀಠವಾಗಿದ್ದ ಚಪ್ಪಡಿಯು ಅಶೋಕನ ಶಾಸನವೆಂದು ತಿಳಿಯಿತು. ವಿಗ್ರಹವನ್ನು ನಿಲ್ಲಿಸಲೆಂದು ನಡುವೆ ಕೊರೆದ ರಂಧ್ರದಲ್ಲಿ ಎಷ್ಟೋ ಅಕ್ಷರಗಳು ಹೋಗಿದ್ದವು. ಕೊರೆದವನನ್ನು ನಾನು ದೂರಲಾರೆ. ಬ್ರಾಹ್ಮಿಯನ್ನು ಓದಬಲ್ಲವರು ಆಗ ಯಾರಿದ್ದರು? ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ 'ಅಧೋಲೋಕ ಮಹಾಚೈತ್ಯ'ವೆಂಬ ಸ್ತೂಪವು ದೊರೆಯಿತು. 'ರಾಯೋ ಅಸೋಕೋ' ಎಂಬ ಹೆಸರಿನೊಡನೆ ಅಶೋಕನ ಶಿಲ್ಪವೂ ದೊರೆಯಿತು.

ಸೋಜಿಗವೆಂದರೆ, ಈ ಕಲ್ಲುಗಳು ಕಣ್ಣು ತೆರೆಯುವ ಮೊದಲೇ ಜನ ಮರಳಿ ಬಂದಿದ್ದರು. 1956ರ ಅಕ್ಟೋಬರ್ 14ರಂದು ಅಂಬೇಡ್ಕರರು ನಾಗಪುರದಲ್ಲಿ ದೀಕ್ಷೆ ಪಡೆದರು. ನಮ್ಮ ಸಾಯಗಾಂವವು ಮಹಾರಾಷ್ಟ್ರದ ಗಡಿಗೆ ಹತ್ತಿರ. ಈ ಸೀಮೆಯಲ್ಲಿ ಬುದ್ಧನನ್ನು ಮತ್ತೆ ನಮ್ಮವನೆಂದವರು ಶಾಸನವನ್ನು ಓದಿ ಹಾಗೆ ಅಂದವರಲ್ಲ. ಅವಮಾನವನ್ನು ಉಂಡು ಬೇಸತ್ತವರು. ತಮ್ಮ ನೆಲದಲ್ಲೇ ಒಂದು ಮಹಾಚೈತ್ಯ ಹುದುಗಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವರು ಇನ್ನಷ್ಟು ಬಲದಿಂದ ಮಾತನಾಡುತ್ತಿದ್ದರೇನೋ!

2009ರಲ್ಲಿ ಕಲಬುರಗಿಯಲ್ಲಿ ಬುದ್ಧವಿಹಾರವು ತೆರೆಯಿತು. ಸಾಂಚಿಯ ತೋರಣಗಳನ್ನು ನೆನಪಿಸುವ ದ್ವಾರಗಳು ಅದಕ್ಕಿವೆ. ಸನ್ನತಿಯ ಶಿಲ್ಪಿ ಅಲ್ಲಿ ಇನ್ನೂ ಹೆಚ್ಚಾಗಿ ಕಾಣಿಸಬೇಕಿತ್ತೆಂಬುದು ನನ್ನ ಚಿಕ್ಕ ಅಸಮಾಧಾನ. ಆದರೆ ಜನ ಅಲ್ಲಿ ಕೈಮುಗಿದು ಕೂರುತ್ತಾರೆ. ಅದರ ಮುಂದೆ ನನ್ನ ಅಸಮಾಧಾನ ಯಾವ ಲೆಕ್ಕ?

ಸನ್ನತಿಯದು ಬೇರೆ ಕಥೆ. ಅದು ಪುರಾತತ್ತ್ವ ಇಲಾಖೆಯ ವಶದಲ್ಲಿರುವ ಸ್ಮಾರಕ. ನಾವು ವಿದ್ವಾಂಸರು ಅಲ್ಲಿಗೆ ಅಕ್ಷರ ಓದಲು ಹೋದವರು. ಅಲ್ಲಿ ಪೂಜಿಸಲು ಇಚ್ಛಿಸುವವರೂ ಇರಬಹುದೆಂಬುದನ್ನು ಬಹುಕಾಲ ಮರೆತೆವು. ಚೈತ್ಯದ ಕಲ್ಲುಗಳನ್ನು ಜೋಡಿಸಿ ನಿಲ್ಲಿಸುವಾಗ ಅದರ ಪ್ರದಕ್ಷಿಣಾಪಥವನ್ನು ನಡೆಯುವ ಕಾಲುಗಳಿಗೆ ಬಿಟ್ಟುಕೊಡಬೇಕು. ಕಲ್ಲಿಗೆ ಹಾನಿಯಾದೀತೆಂಬ ಅಂಜಿಕೆ ನನಗೂ ಇದೆ. ಕಾವಲಿರಲಿ, ಆದರೆ ಬೇಲಿಯ ಹೊರಗೆ ನಿಲ್ಲಿಸುವುದು ಬೇಡ. ಆ ಜನ ಸಾಕಷ್ಟು ಬೇಲಿಗಳ ಹೊರಗೆ ನಿಂತವರು.